ಸುಳ್ಳಾಗಲಿ ಈ ಪಟ್ಟಿ

"ನಿಲ್ಲಸ್ರಿ! ಗಾಡಿ ನಿಲ್ಲಸ್ರಿ!"

ಕೋಳಿ ಪಂಜರಗಳನ್ನು ತುಂಬಿಕೊಂಡ ಗೂಡ್ಸ್ ಗಾಡಿಗೆ ಫಾರಂನ ಗೇಟು ದಾಟಲು ಇನ್ನು ಹತ್ತೇ ಹೆಜ್ಜೆ ಉಳಿದಿತ್ತು. ಸಂಘಮಿತ್ರಾ ಓಡಿಬಂದು ಅದರ ಎದುರಿಗೇ ನಿಂತುಬಿಟ್ಟಳು. ಬ್ರೇಕಿನ ಸದ್ದಿಗೆ ಕೋಳಿಗಳೆಲ್ಲ ಒಮ್ಮೆಲೇ ಬೆದರಿ ರೆಕ್ಕೆ ಬಡಿದವು.

ಗಾಡಿ ನಡೆಸುತ್ತಿದ್ದವನು ಕೆಳಗೆ ಹಾರಿದ. ಮೂವತ್ತರ ಆಸುಪಾಸಿನ ಎತ್ತರದ ಆಳು. ಕಣ್ಣಲ್ಲಿ ಬೆಂಕಿ!

"ಯಾರ್ರಿ ನೀವು? ಸಾಯಾಕ ನನ್ನ ಗಾಡಿನ ಬೇಕಿತ್ತೇನು?"

"ನಿಮ್ಮ ಕೋಳಿಗೆ ಹಕ್ಕಿಜ್ವರ ಬಂದೈತ್ರಿ. ಒಂದು ಕೋಳಿನೂ ಹೊರಗ ಹೋಗಬಾರದು. ಗೇಟ್ ಹಾಕ್ರಿ!"

"ಯಾರು ಹೇಳಿದ್ರು?"

ಸಂಘಮಿತ್ರಾ ಕೈ ಮುಂದೆ ಚಾಚಿದಳು. ಅಂಗೈಯಲ್ಲಿ ಬೆರಳಗಲದ ಒಂದು ಪಟ್ಟಿ. ಅದರ ತುದಿಯಲ್ಲಿ ಚಿನ್ನ ಲೇಪಿಸಿದ ಮೂರು ಗೆರೆ.

"ಇದು ಹೇಳಿತು."

ಅವನು ಆ ಪಟ್ಟಿಯನ್ನು ನೋಡಿದ. ಅವಳ ಮುಖ ನೋಡಿದ. ಅವಳ ಎಡಗೈಯ ಗ್ಲೌಸು ಹರಿದು ಕೋಳಿಯ ಉಗುರು ಗೀರಿದ ಕಡೆ ನೆತ್ತರು ಜಿನುಗುತ್ತಿತ್ತು. ಅವಳಿಗೆ ಅದರ ಅರಿವೇ ಇರಲಿಲ್ಲ.

"ನಿಮ್ಮ ಈ ಪಟ್ಟಿ ಸುಳ್ಳು ಹೇಳಂಗಿಲ್ಲೇನು?"

"ಹೇಳಬಹುದು. ನೂರಕ್ಕ ನಾಕೈದು ಸಲ ಹೇಳ್ತೈತಿ. ಅದಕ್ಕ ಮೂರು ಕೋಳಿಗೆ ಮೂರು ಪಟ್ಟಿ ಹಾಕಿ ನೋಡೀನಿ. ಮೂರೂ ಒಂದೇ ಮಾತು ಹೇಳಾಕತ್ತಾವ."

ಅವನು ಶೆಡ್ಡಿನ ಕಡೆ ತಿರುಗಿದ. ಆ ಬೆಳಿಗ್ಗೆ ಅಲ್ಲಿ ಹತ್ತೊಂಬತ್ತು ಕೋಳಿ ಸತ್ತಿದ್ದವು. ಬಿಸಿಲಿಗೆ ಸತ್ತವು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಈಗ ಏನೋ ನೆನೆದವನಂತೆ ದವಡೆ ಬಿಗಿಹಿಡಿದು, ಗೇಟಿನ ಹತ್ತಿರ ಹೋಗಿ, ಎರಡೂ ಬಾಗಿಲು ಎಳೆದು ಚಿಲಕ ಹಾಕಿದ.

ಸಂಘಮಿತ್ರಾ ಉಸಿರು ಬಿಟ್ಟಳು. ಆಮೇಲೆಯೇ ಅವಳಿಗೆ ಹೊಳೆದದ್ದು... ತಾನೂ ಒಳಗೇ ಉಳಿದೆ!

* * *

ಕುರುಗೋಡಿನ ಮಾಸ್ತರರ ಮಗಳು ಸಂಘಮಿತ್ರಾ. ಮೂರು ವರ್ಷದಿಂದ ಬಳ್ಳಾರಿಯಲ್ಲಿ ಸಂಶೋಧನೆ ಮಾಡುತ್ತಿದ್ದಳು. ವೈರಸ್ಸನ್ನು ಹತ್ತೇ ನಿಮಿಷದಲ್ಲಿ ಪತ್ತೆ ಹಚ್ಚುವ ಸೆನ್ಸರ್ ಪಟ್ಟಿ ಅವಳ ಕೆಲಸ. ಪಶು ವೈದ್ಯಾಧಿಕಾರಿ ಮೈಲಾರಪ್ಪನವರ ಅನುಮತಿ ಪಡೆದು ಸಿರುಗುಪ್ಪ ತಾಲ್ಲೂಕಿನ ಫಾರಂಗಳನ್ನು ಸುತ್ತಿ ಕೋಳಿಗಳ ಗಂಟಲ ದ್ರವ ಪರೀಕ್ಷಿಸುತ್ತಿದ್ದಳು. ನಲವತ್ತು ಫಾರಂ ಮುಗಿದಿದ್ದವು. ಎಲ್ಲಿಯೂ ಏನೂ ಸಿಕ್ಕಿರಲಿಲ್ಲ. ಸಿರಿಗೇರಿ ಹತ್ತಿರದ ಈ ಫಾರಂ ನಲವತ್ತೊಂದನೆಯದು. ಮಾಲೀಕ ಗಾಡಿ ತುಂಬುವುದರಲ್ಲಿದ್ದರಿಂದ ಮೊಟ್ಟೆ ಆಯುವ ಕೆಲಸದವಳೇ ಅವಳನ್ನು ಶೆಡ್ಡಿನೊಳಗೆ ಬಿಟ್ಟಿದ್ದಳು.

ಗೇಟ್ ಹಾಕಿದವನ ಹೆಸರು ತಿಪ್ಪೇಶ. ಫಾರಂ ಅವನದೇ.

ಮಧ್ಯಾಹ್ನದ ಹೊತ್ತಿಗೆ ಮೈಲಾರಪ್ಪ ಬಂದರು. ಮೈತುಂಬ ಬಿಳಿ ಕವಚ ತೊಟ್ಟು ಗೇಟಿನ ಆಚೆಯೇ ನಿಂತರು. ಜೊತೆಗೆ ಆರೋಗ್ಯ ಇಲಾಖೆಯ ಡಾಕ್ಟರು.

"ಸ್ಯಾಂಪಲ್ಲು ಭೋಪಾಲದ ಸರಕಾರಿ ಲ್ಯಾಬಿಗೆ ಹೋಗ್ತೈತಿ. ಅಲ್ಲಿಂದ ರಿಪೋರ್ಟು ಬರೋತನಕ ಇದು ಬರೇ ಅನುಮಾನ. ಆದ್ರ ಕೋಳಿ ಮುಟ್ಟಿದವರು ಯಾರೂ ಹೊರಗ ಬರಂಗಿಲ್ಲ. ಹತ್ತು ದಿನ."

"ಹತ್ತು ದಿನಾ?" ಸಂಘಮಿತ್ರಾ ಗೇಟಿನ ಹತ್ತಿರಕ್ಕೆ ಬಂದಳು. "ಸರ್, ನಾನು ಇಲ್ಲಿಯವಳಲ್ಲ..."

"ನಿನ್ನ ಕೈ ನೋಡ್ಕೋಮ್ಮ. ಗೀರೈತಿ. ನಿನಗ ನಾ ಹೇಳಿಕೊಡಬೇಕೇನು?"

ಅವಳು ತಲೆ ತಗ್ಗಿಸಿದಳು. ಈ ನಿಯಮ ಅವಳಿಗೆ ಬಾಯಿಪಾಠವಿತ್ತು. ಅದು ತನ್ನ ಮೇಲೇ ಬೀಳುತ್ತದೆಂದು ಮಾತ್ರ ಎಂದೂ ಎಣಿಸಿರಲಿಲ್ಲ.

ಒಳಗೆ ಉಳಿದವರು ಮೂವರು. ತಿಪ್ಪೇಶ, ಸಂಘಮಿತ್ರಾ ಮತ್ತು ಮೊಟ್ಟೆ ಆಯುವ ಕೆಲಸದ ಸುಂಕಮ್ಮ. ಫಾರಂನ ಆಫೀಸು ಕೋಣೆ ಹೆಂಗಸರಿಬ್ಬರಿಗೆ. ಅಂಗಳದ ಆಚೆ ಮೇವಿನ ಗೋದಾಮು ತಿಪ್ಪೇಶನಿಗೆ. ನಡುವೆ ಒಂದು ಬೇವಿನ ಮರ. ಸುತ್ತ ತಂತಿ ಬೇಲಿ, ಬೇಲಿಯಾಚೆ ಕಾಲುವೆ ನೀರು ನಿಂತ ಭತ್ತದ ಗದ್ದೆ.

ಸಂಜೆ ಅಮ್ಮನ ಫೋನು ಬಂತು.

"ಹತ್ತು ದಿನ ಯಾರದೋ ಫಾರಂನಾಗ ಇರ್ತೀಯಂತ? ಊರಾಗ ಏನಂತಾರ ಗೊತ್ತೈತೇನ ನಿನಗ?"

"ಏನ್ ಮಾಡ್ಲಿ ಅಮ್ಮ? ಹೊರಗ ಬಂದ್ರ ನಿಮಗೆಲ್ಲ ಹಚ್ಚತೀನಿ."

ಫೋನಿಟ್ಟು ಕಿಟಕಿಯ ಸರಳು ಹಿಡಿದು ನಿಂತಳು. ಅಲ್ಲಿಂದ ಕಾಣುತ್ತಿದ್ದುದು ಶೆಡ್ಡು ಮತ್ತು ಬೇಲಿ, ಅಷ್ಟೇ. ಎಣಿಸಿ ನೋಡಿದರೆ ಈ ತುದಿಯಿಂದ ಆ ತುದಿಗೆ ಎಂಬತ್ತೆರಡು ಹೆಜ್ಜೆ. ಇನ್ನು ಹತ್ತು ದಿನ ಇಷ್ಟೇ ಪ್ರಪಂಚ!

* * *

ಗೇಟ್ ಹಾಕಿದ ಮೇಲೆ ಮೊದಲ ದಿನವೆಲ್ಲ ತಿಪ್ಪೇಶ ಅವಳೊಡನೆ ಒಂದು ಮಾತೂ ಆಡಲಿಲ್ಲ. ಎರಡನೆಯ ದಿನ ಸತ್ತ ಕೋಳಿಗಳ ಲೆಕ್ಕ ಅರವತ್ತಾಯಿತು. ಆ ಸಂಜೆ ಅವನೇ ಬಂದು ನಾಲ್ಕು ಮಾರು ದೂರದಲ್ಲಿ, ಬೇವಿನ ಮರಕ್ಕೆ ಒರಗಿ ಕುಳಿತ. ಬಾಯಿಗೆ ಮಾಸ್ಕು.

"ಮೇಡಂ, ಒಂದು ಕೇಳ್ಲೇನು? ಆ ಪಟ್ಟಿಗೆ ಹೆಂಗ ಗೊತ್ತಾಗ್ತೈತಿ?"

ಅವಳಿಗೆ ಆಶ್ಚರ್ಯ. ಮೂರು ವರ್ಷದಲ್ಲಿ ಇದನ್ನು ಹೀಗೆ ನಿಜವಾಗಿ ಕೇಳಿದವರು ಯಾರೂ ಇರಲಿಲ್ಲ.

"ಆ ಚಿನ್ನದ ಗೆರಿ ಮ್ಯಾಲೆ ಕಣ್ಣಿಗೆ ಕಾಣದಂಥ ಕೊಂಡಿ ಕೂಡಿಸಿರ್ತೀವ್ರಿ. ಆ ಕೊಂಡಿಗೆ ಈ ವೈರಸ್ ಒಂದೇ ಸಿಗತೈತಿ. ಪಟ್ಟಿ ಒಳಗ ಸಣ್ಣಗ ಕರೆಂಟು ಹರೀತಿರ್ತೈತಿ. ವೈರಸ್ ಬಂದು ಅಂಟಿದ್ರ ದಾರಿ ಕಟ್ಟಿಕೊಂತೈತಿ, ಕರೆಂಟು ಕಮ್ಮಿ ಆಗ್ತೈತಿ. ಫೋನಿನಾಗ ಗುಡ್ಡದಂಗ ಏರಿದ್ದ ಗೆರಿ ಕುಸೀತೈತಿ."

"ಅಂದ್ರ ಗುಡ್ಡ ಎತ್ತರ ಇದ್ರ ಚಲೋ?"

"ಹೂಂ. ಗುಡ್ಡ ಎತ್ತರ ಇದ್ರ ಚಲೋ."

ಅವನು ಶೆಡ್ಡಿನ ಕಡೆ ಗದ್ದ ಎತ್ತಿದ.

"ನನಗ ಮಶೀನ್ ಬ್ಯಾಡ್ರಿ. ಹನ್ನೆರಡು ಸಾವಿರ ಕೋಳಿ, ಆರು ವರ್ಷ. ಸದ್ದು ಕೇಳಿದ್ರ ಸಾಕು, ನೀರು ಕಮ್ಮಿ ಆಗೈತೋ, ಸೆಕಿ ಆಗೈತೋ, ಬೆಕ್ಕು ಬಂದೈತೋ ಹೇಳ್ತೀನಿ. ನೀವು ಬರೋಕಿಂತ ಎರಡು ದಿನ ಮೊದಲ ಸದ್ದು ಬ್ಯಾರೆ ಆಗಿತ್ತು. ನನಗ ಗೊತ್ತಾಗಿತ್ತು. ಆದ್ರ ಒಪ್ಪಿಕೊಳ್ಳಾಕ ಮನಸ್ಸು ಬರಲಿಲ್ಲ."

"ಆದ್ರೂ ಗೇಟ್ ಹಾಕಿದ್ರಲ್ಲ. ಬ್ಯಾರೆ ಯಾರಾದ್ರೂ ಆಗಿದ್ರ ನನ್ನ ಪಕ್ಕಕ್ಕ ತಳ್ಳಿ ಹೋಗ್ತಿದ್ರು."

ಅವನು ಮೊದಲ ಸಲ ನಕ್ಕ. ಮಾಸ್ಕಿನ ಮೇಲೆ ಕಣ್ಣಷ್ಟೇ ನಕ್ಕವು. ಸಂಘಮಿತ್ರಾ ತಟ್ಟನೆ ಬೇರೆ ಕಡೆ ನೋಡಿದಳು... 'ಇದೇನಿದು, ಎದಿ ಯಾಕ ಹಿಂಗ ಬಡಕೊಳ್ಳಾಕತ್ತೈತಿ?'

ಮೂರನೆಯ ದಿನ ಅವನೇ ಒಲೆ ಹೂಡಿ ಮಂಡಕ್ಕಿ ಒಗ್ಗರಣೆ ಮಾಡಿದ. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ದೂರ ಸರಿದ.

"ಖಾರ ಜಾಸ್ತಿ ಆಗೈತೇನ್ರಿ?"

"ಜಾಸ್ತಿ ಆಗೈತಿ." ಅವಳ ಕಣ್ಣಲ್ಲಿ ನೀರು. "ಆದ್ರ ಚಲೋ ಐತಿ."

ಸುಂಕಮ್ಮ ಇಬ್ಬರನ್ನೂ ಒಮ್ಮೆ ನೋಡಿ, ಏನೂ ಕಾಣದವಳಂತೆ ತನ್ನ ತಟ್ಟೆಗೆ ಬಗ್ಗಿದಳು.

ಗೇಟ್ ಹಾಕಿದ ಮರುದಿನದಿಂದಲೇ ಸಂಘಮಿತ್ರಾಳಿಗೆ ಹೊಸದೊಂದು ಸಂಕಟ ಸುರುವಾಗಿತ್ತು. ಪಟ್ಟಿ ನಿಜ ಹೇಳಿದ್ದರೆ ಅವಳ ಮೂರು ವರ್ಷ ಸಾರ್ಥಕ, ಇವನ ಆರು ವರ್ಷ ಮಣ್ಣುಪಾಲು. ಸುಳ್ಳು ಹೇಳಿದ್ದರೆ ಇವನ ಗೇಟು ತೆರೆಯುತ್ತದೆ, ಅವಳ ಕೆಲಸಕ್ಕೆ ಬೀಗ ಬೀಳುತ್ತದೆ. ದಿನಾ ಬೆಳಿಗ್ಗೆ ನೀರಿನ ಟ್ಯಾಂಕಿನ ಹಿಂದೆ ಹೋಗಿ, ಯಾರಿಗೂ ಕೇಳದಂತೆ ಮೈಲಾರಪ್ಪನವರಿಗೆ ಫೋನು ಮಾಡುತ್ತಿದ್ದಳು.

"ಸರ್, ರಿಪೋರ್ಟು ಬಂತೇನ್ರಿ? ನಂದು ತಪ್ಪು ಅಂತ ಬಂತೇನ್ರಿ?"

"ಇನ್ನೂ ಬಂದಿಲ್ಲಮ್ಮ. ಅಲ್ಲ, ತಪ್ಪು ಅಂತ ಬರ್ಲಿ ಅಂತ ಯಾಕ ಕಾಯ್ತೀ?"

ಫೋನಿಟ್ಟು ಅವಳು ಬೇಡಿಕೊಳ್ಳುತ್ತಿದ್ದಳು. 'ಸುಳ್ಳಾಗಲಿ ದೇವರೇ... ಈ ಒಂದು ಸಲ ನನ್ನ ಪಟ್ಟಿ ಸುಳ್ಳಾಗಲಿ!' ತನ್ನದೇ ಕೆಲಸ ಸೋಲಲಿ ಎಂದು ಬೇಡಿಕೊಳ್ಳುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ನೆನೆದಿರಲಿಲ್ಲ.

ಶೆಡ್ಡಿನ ಮೂಲೆಯಿಂದ ತಿಪ್ಪೇಶ ಆ ಫೋನುಗಳನ್ನು ಗಮನಿಸುತ್ತಿದ್ದ. ಮಾತು ಕೇಳುತ್ತಿರಲಿಲ್ಲ. ಅವಳು ಕದ್ದು ಮಾತಾಡುವುದಷ್ಟೇ ಕಾಣುತ್ತಿತ್ತು.

* * *

ನಾಲ್ಕನೆಯ ದಿನ ಇನ್ನೂರಕ್ಕೂ ಹೆಚ್ಚು ಕೋಳಿ ಸತ್ತವು.

ಮಧ್ಯಾಹ್ನ ಸಂಘಮಿತ್ರಾ ಅಂಗಳದ ನಲ್ಲಿಯ ಬಳಿ ಸಾಮಾನು ತೊಳೆಯುತ್ತಿದ್ದಾಗ ಫೋನು ಬಂತು. ಕೈಗೆ ಒದ್ದೆ ಗ್ಲೌಸು. ಮೊಣಕೈಯಿಂದ ಸ್ಪೀಕರ್ ಒತ್ತಿದಳು. ಬಳ್ಳಾರಿಯಿಂದ ಅವಳ ಪ್ರೊಫೆಸರು.

"ಕಂಗ್ರಾಜುಲೇಷನ್ಸ್ ಸಂಘಮಿತ್ರಾ! ಭೋಪಾಲದ ರಿಪೋರ್ಟು ಪಾಸಿಟಿವ್! ನಮ್ಮ ಸೆನ್ಸರ್ ನಾಲ್ಕು ದಿನ ಮುಂಚೆ ಹೇಳಿದ್ದು ನಿಜವಾಯಿತು! ಈ ತಿಂಗಳೇ ಸಂಶೋಧನಾ ಪೇಪರ್ ಕಳಿಸೋಣ. ಖುಷಿ ಆಯ್ತು ತಾನೇ?"

ಅವಳ ಕಿವಿ ಗುಂಯ್ ಎಂದಿತು. ಮೂರು ವರ್ಷದಿಂದ ಅವರು ಏನೇ ಕೇಳಿದರೂ ಒಂದೇ ಉತ್ತರ ಕೊಟ್ಟು ರೂಢಿ. ಅದೇ ಬಾಯಿಂದ ಬಂತು.

"ಹೌದು ಸರ್..."

ತಿರುಗಿ ನೋಡಿದಳು. ಗೇಟಿಗೆ ಬಂದಿದ್ದ ಊಟದ ಕ್ಯಾರಿಯರ್ ಹಿಡಿದು ತಿಪ್ಪೇಶ ನಿಂತಿದ್ದ.

"ತಿಪ್ಪೇಶ ಅವ್ರೇ, ನಾನು..."

ಅವನು ಕ್ಯಾರಿಯರನ್ನು ಮೆಲ್ಲಗೆ ಕೆಳಗಿಟ್ಟ.

"ಖುಷಿ ಆಗ್ರಿ ಮೇಡಂ. ಮೂರು ವರ್ಷ ಕಷ್ಟಪಟ್ಟೀರಿ. ದಿನಾ ಮುಂಜಾನಿ ಕದ್ದು ಫೋನ್ ಮಾಡಿ ಕೇಳ್ತಿದ್ದಿದ್ದು ಇದನ್ನ ಅಲ್ಲೇನು?"

"ಹಂಗಲ್ರಿ! ನಾ ಕೇಳ್ತಿದ್ದಿದ್ದು..."

"ಬ್ಯಾಡ್ರಿ. ನನಗ ಹೇಳಬ್ಯಾಡ್ರಿ."

ಗೋದಾಮಿನ ಬಾಗಿಲು ಮುಚ್ಚಿಕೊಂಡಿತು. ಸಂಘಮಿತ್ರಾ ಅಂಗಳದ ನಡುವೆ ನಿಂತೇ ಇದ್ದಳು. ಸಿಟ್ಟು ಬಂದರೆ ಎದ್ದು ಹೋಗಲು, ಅಳು ಬಂದರೆ ಮರೆಯಾಗಲು ಒಂದು ಜಾಗವಿಲ್ಲ. ಎತ್ತ ತಿರುಗಿದರೂ ಅದೇ ಬೇಲಿ, ಅದೇ ಬಾಗಿಲು!

ಮರುದಿನ ಬಿಳಿ ಕವಚದ ಇಪ್ಪತ್ತು ಮಂದಿ ಬಂದರು. ಜೆಸಿಬಿ ಹೊಲದ ಮೂಲೆಯಲ್ಲಿ ಗುಂಡಿ ತೋಡಿತು. ಬೆಳಿಗ್ಗೆಯಿಂದ ಸಂಜೆವರೆಗೆ ಕೆಲಸ ನಡೆಯಿತು. ಸುಂಕಮ್ಮ ಕಿವಿ ಮುಚ್ಚಿಕೊಂಡು ಕೋಣೆಯ ಮೂಲೆ ಹಿಡಿದಳು. ತಿಪ್ಪೇಶ ಮಾತ್ರ ಒಂದೇ ಕಡೆ ನಿಂತು ಕೊನೆಯ ಪಂಜರ ಖಾಲಿಯಾಗುವವರೆಗೂ ನೋಡಿದ.

ಗುಂಡಿಯ ಮೇಲೆ ಸುಣ್ಣ ಸುರಿದು ಅವರೆಲ್ಲ ಹೊರಟಮೇಲೆ ಫಾರಂನಲ್ಲಿ ಸದ್ದೇ ಇರಲಿಲ್ಲ. ಹನ್ನೆರಡು ಸಾವಿರ ಕೊರಳು ಇದ್ದ ಕಡೆ ಫ್ಯಾನು ತಿರುಗುವ ಶಬ್ದ ಒಂದೇ. ತಿಪ್ಪೇಶ ಹೋಗಿ ಅದನ್ನೂ ನಿಲ್ಲಿಸಿದ.

* * *

ಏಳನೆಯ ದಿನ ಬೆಳಿಗ್ಗೆ ಸುಂಕಮ್ಮ ಓಡಿಬಂದಳು.

"ಯವ್ವಾ! ತಿಪ್ಪೇಶಪ್ಪ ಹಾಸಿಗಿ ಬಿಟ್ಟು ಎದ್ದಿಲ್ಲ. ಮೈ ಕೆಂಡದಂಗ ಐತಂತ!"

ಸಂಘಮಿತ್ರಾ ತಟ್ಟನೆ ಎದ್ದಳು. ಮನುಷ್ಯರಿಗೆ ಈ ರೋಗ ಹತ್ತುವುದು ಅಪರೂಪ. ಹತ್ತಿದರೆ... ಆಮೇಲಿನದನ್ನು ನೆನೆಯಲಾರದೆ ಮೈಲಾರಪ್ಪನವರಿಗೆ ಫೋನು ಮಾಡಿದಳು.

"ಆರೋಗ್ಯ ಇಲಾಖೆಯವರು ಹೊರಟಾರಮ್ಮ. ಅವರು ಸ್ಯಾಂಪಲ್ ಒಯ್ತಾರ, ಆದ್ರ ಫಲಿತಾಂಶ ಬರಾಕ ಎರಡು ದಿನ ಬೇಕು. ನಿನ್ನ ಹತ್ರ ಪಟ್ಟಿ ಅದಾವೇನು?"

ಐಸ್ ಪೆಟ್ಟಿಗೆಯಲ್ಲಿ ಎರಡೇ ಪಟ್ಟಿ ಉಳಿದಿದ್ದವು.

ಕವಚ, ಎರಡು ಜೊತೆ ಗ್ಲೌಸು, ಮಾಸ್ಕು, ಕನ್ನಡಕ ಹಾಕಿಕೊಂಡು ಅವಳು ಗೋದಾಮಿನ ಬಾಗಿಲು ತಳ್ಳಿದಳು. ಮೇವಿನ ಚೀಲಗಳ ನಡುವೆ ಚಾಪೆಯ ಮೇಲೆ ತಿಪ್ಪೇಶ ಮಲಗಿದ್ದ. ತುಟಿ ಒಣಗಿತ್ತು.

"ಯಾಕ ಬಂದ್ರಿ? ಹೊರಗ ಹೋಗ್ರಿ, ನಿಮಗ ಹತ್ತೀತು."

"ಬಾಯಿ ತೆರೀರಿ. ಗಂಟಲ ನೋಡಬೇಕು."

"ನಿಮ್ಮ ಪೇಪರಿಗೆ ಕೋಳಿ ಸಾಲಲಿಲ್ಲೇನ್ರಿ? ನಾನೂ ಬೇಕಾ?"

ಆ ಮಾತು ಎದೆಗೆ ಚುಚ್ಚಿತು. ಅವಳು ಅಲ್ಲೇ ನೆಲದ ಮೇಲೆ ಕುಳಿತಳು.

"ನನ್ನ ಬೈರಿ. ಎಷ್ಟು ಬೇಕಾದ್ರೂ ಬೈರಿ. ಈ ಪಟ್ಟಿ ಯಾವ ಪೇಪರಿಗೂ ಹೋಗಂಗಿಲ್ಲ. ನನ್ನ ಪಟ್ಟಿ ಸುಳ್ಳಾಗ್ಲಿ ಅಂತ ದಿನಾ ಬೇಡಿಕೊಂಡೀನಿ ತಿಪ್ಪೇಶ ಅವ್ರೇ, ನೀವು ನಂಬಂಗಿಲ್ಲ..."

"ಈಗ ಹೇಳಾಕ ಸುಲಭ ಐತಿ."

"ಆತು, ನಂಬಬ್ಯಾಡ್ರಿ. ಸುಂಕಮ್ಮಕ್ಕನ ಸಲುವಾಗಿ ಬಾಯಿ ತೆರೀರಿ. ನಿಮ್ಮ ಕೂಡ ಆರು ದಿನ ಈ ಬೇಲಿಯೊಳಗ ಇದ್ದಾಳ. ಅಕಿಗೆ ಮಕ್ಕಳು ಅದಾರ."

ತಿಪ್ಪೇಶ ಕಣ್ಣು ಮುಚ್ಚಿದ. ಬಹಳ ಹೊತ್ತಿನ ಮೇಲೆ ಬಾಯಿ ತೆರೆದ.

ಅವಳು ಅವನ ಮುಖದ ಮೇಲೆ ಬಾಗಿದಳು. ಇಷ್ಟು ಹತ್ತಿರ ಬಂದದ್ದು ಇದೇ ಮೊದಲು. ಗ್ಲೌಸಿನೊಳಗಿಂದಲೂ ಅವನ ಗದ್ದದ ಕಾವು ಬೆರಳಿಗೆ ತಾಗಿತು. ಹತ್ತಿಯ ಕಡ್ಡಿ ಗಂಟಲಿಗೆ ಆಡಿಸುವಾಗ ಅವಳ ಕೈ ನಡುಗಿತು. ಸಾವಿರ ಕೋಳಿಗೆ ನಡುಗದ ಕೈ!

ದ್ರವದಲ್ಲಿ ಅದ್ದಿ, ಒಂದು ಹನಿ ಪಟ್ಟಿಗೆ ಬಿಟ್ಟು, ಪಟ್ಟಿಯನ್ನು ಪುಟ್ಟ ಯಂತ್ರಕ್ಕೆ ಸಿಕ್ಕಿಸಿ, ಯಂತ್ರವನ್ನು ಫೋನಿಗೆ ಜೋಡಿಸಿದಳು. ಹತ್ತು ನಿಮಿಷ.

ಹತ್ತು ನಿಮಿಷ ಇಷ್ಟು ಉದ್ದ ಇರುತ್ತದೆಯೇ? ಬಾಗಿಲಲ್ಲಿ ಸುಂಕಮ್ಮ ಯಾವ ಯಾವ ದೇವರಿಗೋ ಕೈ ಮುಗಿಯುತ್ತಿದ್ದಳು. ತಿಪ್ಪೇಶ ಮೇಲಿನ ತಗಡನ್ನೇ ನೋಡುತ್ತಿದ್ದ.

"ಗುಡ್ಡ ಬಿತ್ತೇನ್ರಿ?" ಮೆಲ್ಲಗೆ ಕೇಳಿದ.

"ತಡೀರಿ..."

ಪರದೆಯ ಮೇಲೆ ಗೆರೆ ಹೊರಟಿತು. ಸಮತಟ್ಟಾಗಿ ಹರಿಯಿತು. ಏರಿತು... ಇನ್ನೂ ಏರಿತು... ತುದಿ ಮುಟ್ಟಿ ಆಚೆ ಇಳಿಯಿತು. ಎತ್ತರದ ಗುಡ್ಡ!

ಅವಳು ನಂಬಲಿಲ್ಲ. ಎರಡನೆಯ ಪಟ್ಟಿಯನ್ನೂ ಹಾಕಿದಳು. ಮತ್ತೆ ಅದೇ ಎತ್ತರ.

"ಇಲ್ಲ." ಅವಳು ಫೋನನ್ನು ಅವನ ಕಡೆ ತಿರುಗಿಸಿದಳು. "ನಿಮಗ ಇಲ್ರಿ! ಇದು ಬ್ಯಾರೆ ಜ್ವರ."

ಕನ್ನಡಕದೊಳಗೆ ನೀರು ತುಂಬಿ ಮುಂದಿನದೇನೂ ಕಾಣಲಿಲ್ಲ. ಒರೆಸಿಕೊಳ್ಳಲೂ ಆಗದು, ಕೈಗೆ ಗ್ಲೌಸು. ಆ ಕವಚದೊಳಗೆ ಸಿಕ್ಕಿಕೊಂಡೇ ಬಿಕ್ಕಿ ಬಿಕ್ಕಿ ಅತ್ತಳು.

ತಿಪ್ಪೇಶ ಅವಳನ್ನೇ ನೋಡಿದ. ಏನೋ ಹೇಳಹೊರಟು ಗೋಡೆಯ ಕಡೆ ಹೊರಳಿದ.

"ಥ್ಯಾಂಕ್ಸ್ ರೀ ಮೇಡಂ," ಎಂದನಷ್ಟೇ.

ಎರಡು ದಿನಕ್ಕೆ ಇಲಾಖೆಯ ಫಲಿತಾಂಶವೂ ಅದೇ ಬಂತು. ಜ್ವರ ಇಳಿಯಿತು. ಹತ್ತನೆಯ ದಿನ ಗೇಟು ತೆರೆದಾಗ ಸುಂಕಮ್ಮ ಹೊರಗೆ ಕಾಲಿಟ್ಟು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಸಂಘಮಿತ್ರಾ ಹಿಂತಿರುಗಿ ನೋಡಿದಳು. ತಿಪ್ಪೇಶ ಖಾಲಿ ಶೆಡ್ಡಿನ ಬಾಗಿಲಲ್ಲಿ ಅತ್ತ ಮುಖ ಮಾಡಿ ನಿಂತಿದ್ದ.

* * *

ಬಳ್ಳಾರಿಯ ಲ್ಯಾಬಿಗೆ ಮರಳಿದರೂ ಅವಳಿಗೆ ಉಸಿರು ಸಲೀಸಾಗಲಿಲ್ಲ. ಪ್ರೊಫೆಸರು ಪೇಪರಿಗೆ ಫಾರಂನ ಫೋಟೋ ಹಾಕೋಣ, ಮಾಲೀಕನ ಹೆಸರೂ ಇರಲಿ ಎಂದರು. ಮೊದಲ ಸಲ ಸಂಘಮಿತ್ರಾ 'ಹೌದು ಸರ್' ಎನ್ನಲಿಲ್ಲ.

"ಬೇಡ ಸರ್. ಅವರ ಹೆಸರೂ ಬೇಡ, ಫೋಟೋನೂ ಬೇಡ. ಅಂಕಿಅಂಶ ಸಾಕು."

ಪ್ರೊಫೆಸರು ಮುಖ ಗಂಟಿಕ್ಕಿದರು. ಅವಳು ಪಟ್ಟು ಬಿಡಲಿಲ್ಲ. ಕೊನೆಗೆ ಪೇಪರು ಹಾಗೆಯೇ ಹೋಯಿತು.

ಫೋನು ಮಾಡಲೆಂದು ಎಷ್ಟೋ ಸಲ ತಿಪ್ಪೇಶನ ಹೆಸರು ತೆರೆದಳು. 'ಅತ್ತ ಮುಖ ಮಾಡಿ ನಿಂತವರಿಗೆ ಏನಂತ ಹೇಳ್ಲಿ?' ಮತ್ತೆ ಮುಚ್ಚಿದಳು. ಹೀಗೆ ಎರಡು ತಿಂಗಳು.

ಒಂದು ಭಾನುವಾರ ಅವಳು ಕುರುಗೋಡಿನ ಮನೆಯಲ್ಲಿ ತಲೆ ಒಣಗಿಸಿಕೊಳ್ಳುತ್ತ ಕುಳಿತಿದ್ದಳು. ಹೊರಗೆ ಬೈಕು ನಿಂತಿತು. ಕಟ್ಟೆಯ ಮೇಲೆ ಪೇಪರು ಓದುತ್ತಿದ್ದ ಅಪ್ಪನ ದನಿ ಕೇಳಿತು.

"ಯಾರು ಬೇಕಾಗಿತ್ತಪ್ಪ?"

"ನಾನು ತಿಪ್ಪೇಶ ಅಂತ್ರಿ. ಸಿರಿಗೇರಿ ಕಡೆಯವ. ಸಂಘಮಿತ್ರಾ ಮೇಡಂ ಅದಾರೇನ್ರಿ?"

ಕೈಯಲ್ಲಿದ್ದ ಬಾಚಣಿಗೆ ಕೆಳಗೆ ಬಿತ್ತು. ಒದ್ದೆ ಕೂದಲಲ್ಲೇ ಹೊರಗೆ ಓಡಿದಳು. ಅಪ್ಪ ಇಬ್ಬರ ಮುಖವನ್ನೂ ನೋಡಿ, ಪೇಪರು ಮಡಚಿ, ಏನೂ ಕೇಳದೆ ಒಳಗೆ ನಡೆದರು.

ಮಾಸ್ಕಿಲ್ಲದ ಅವನ ಮುಖವನ್ನು ಹತ್ತಿರದಿಂದ ನೋಡಿದ್ದು, ಗಾಡಿ ತಡೆದ ದಿನ ಮತ್ತು ಆ ಜ್ವರದ ದಿನ ಬಿಟ್ಟರೆ, ಇದೇ ಮೊದಲು. ಸೊರಗಿದ್ದ.

"ನಿನ್ನೆ ಸಿರುಗುಪ್ಪದಾಗ ಮೈಲಾರಪ್ಪ ಡಾಕ್ಟರು ಸಿಕ್ಕಿದ್ರು," ಎಂದ, ನಿಂತ ನಿಲುವಿನಲ್ಲೇ. "ಹಚ್ಚೊಳ್ಳಿ, ರೂಪನಗುಡಿ, ಯಾವ ಕಡೆನೂ ರೋಗ ಹಬ್ಬಲಿಲ್ಲ, ಆ ಹುಡುಗಿ ಅವತ್ತು ನಿನ್ನ ಗಾಡಿ ತಡೆದಿದ್ದಕ್ಕ ಉಳಿದ್ವು ಅಂದ್ರು. ಆಮ್ಯಾಲೆ ಇನ್ನೊಂದು ಹೇಳಿದ್ರು..."

"ಏನು?"

"ದಿನಾ ಮುಂಜಾನಿ ಫೋನ್ ಮಾಡಿ, ಸರ್, ನಂದು ತಪ್ಪು ಅಂತ ಬಂತೇನ್ರಿ ಅಂತ ಕೇಳ್ತಿದ್ಲು ಅಂತ. ತಾನು ಸೋಲ್ಲಿ ಅಂತ ಕಾಯೋರನ್ನ ಇಷ್ಟು ವರ್ಷದ ನೌಕರಿಯೊಳಗ ನಾ ನೋಡಿಲ್ಲ ಅಂದ್ರು."

ಅವಳು ತಲೆ ಎತ್ತಲಿಲ್ಲ.

"ನೀವು ಹೇಳಿದ್ರಿ, ನಾ ಕೇಳಲಿಲ್ಲ. ನಿಮಗ ಅಂದ ಮಾತು ನೆನೆಸಿಕೊಂಡು ನಿದ್ದಿ ಹತ್ತಲಿಲ್ರಿ ನಿನ್ನೆ. ತಪ್ಪಾತು."

"ನಿಮ್ಮ ಜಾಗದಾಗ ನಾ ಇದ್ರೂ ನಂಬತಿದ್ದಿಲ್ಲ."

"ಬರೇ ತಪ್ಪಾತು ಅನ್ನಾಕ ಬಂದಿಲ್ಲ." ಅವನು ಬೈಕಿನ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದ. "ಚಂದಾಗಿ ಮಾತಾಡಾಕ ನನಗ ಬರಂಗಿಲ್ಲ. ಆ ಹತ್ತು ದಿನದಾಗ ನನ್ನವು ಅಂತ ಇದ್ದವೆಲ್ಲ ಹೋದ್ವು. ಆದ್ರೂ ಆ ಹತ್ತು ದಿನ ಮತ್ತ ಬರ್ಲಿ ಅನಿಸ್ತೈತಿ... ಯಾಕಂದ್ರ ಅಲ್ಲಿ ನೀವಿದ್ರಿ. ನನಗ ನಿಮ್ಮ ಮ್ಯಾಲೆ ಭಾಳ ಪ್ರೀತಿ ಐತ್ರಿ."

ಸಂಘಮಿತ್ರಾಳ ಕಣ್ಣು ತುಂಬಿ ಬಂದವು. ಈ ಸಲ ಒರೆಸಿಕೊಳ್ಳಲು ಅಡ್ಡಿ ಏನೂ ಇರಲಿಲ್ಲ. ಆದರೂ ಒರೆಸಿಕೊಳ್ಳಲಿಲ್ಲ.

"ಎರಡು ತಿಂಗಳು ನಾ ಎಷ್ಟು ಒದ್ದಾಡೀನಿ ಗೊತ್ತೈತೇನ್ರಿ ನಿಮಗ?" ಎಂದಳು. "ನನಗೂ ಐತಿ. ಅವತ್ತು ನಿಮ್ಮ ಗಂಟಲ ನೋಡುವಾಗ ಕೈ ಯಾಕ ನಡುಗಿತು ಅಂತ ತಿಳದ್ರಿ?"

ಅವಳೇ ಒಂದು ಹೆಜ್ಜೆ ಮುಂದೆ ಬಂದು ಅವನ ಮುಷ್ಟಿಯ ಮೇಲೆ ಕೈಯಿಟ್ಟಳು.

ಒಳಗಿನಿಂದ ಅಪ್ಪನ ಕೂಗು ಬಂತು. "ಸಂಘು, ಅವ್ರು ಚಾ ಕುಡೀತಾರೋ, ಊಟ ಮಾಡ್ಕೊಂಡು ಹೋಗ್ತಾರೋ ಕೇಳವ್ವ!"

ಅವಳು ಅವನ ಮುಖ ನೋಡಿದಳು.

"ಅಪ್ಪ ಕೇಳಾಕತ್ತಾನ. ಏನಂತ ಹೇಳ್ಲಿ?"

"ಊಟ ಮಾಡ್ಕೊಂಡು ಹೋಗ್ತೀನಿ ಅನ್ರಿ."

"ಹೋಗೋ ಮಾತು ಬ್ಯಾಡ," ಎಂದಳು ಸಂಘಮಿತ್ರಾ. "ಊಟ ಮಾಡ್ತಾರ ಅಂತ ಅಷ್ಟ ಹೇಳ್ತೀನಿ."